ಹಾಡಲು ಬಾರದವರ ಈಸ್ಟರ್

ತಮ್ಮ ತೀರಿಕೊಂಡ ವರ್ಷ, ಯೇಸು ಸಾವಿನಿಂದ ಎದ್ದು ಬಂದ ಹಬ್ಬವಾದ ಈಸ್ಟರಿನ ಹಿಂದಿನ ರಾತ್ರಿಯ ಜಾಗರಣೆಯಲ್ಲಿ, ನನ್ನ ಬಾಯಿಂದ ಒಂದು ಹಾಡೂ ಹೊರಡಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ 40 ದಿನ ಚರ್ಚಿನಲ್ಲಿ 'ಅಲ್ಲೆಲೂಯ' ಎಂಬ ಸ್ತುತಿ ಹಾಡುವುದಿಲ್ಲ. ಆ ರಾತ್ರಿ ಅದು ಮತ್ತೆ ಕೇಳಿಸುತ್ತದೆ. ಸುತ್ತ ಎಲ್ಲರೂ ದನಿ ಎತ್ತಿ ಹಾಡುತ್ತಿದ್ದರು. ನಾನು ಪುಸ್ತಕ ಹಿಡಿದು ಸುಮ್ನೆ ನಿಂತಿದ್ದೆ. ಯೇಸು ಶಿಲುಬೆಯ ಮೇಲೆ ಸತ್ತ ಶುಭ ಶುಕ್ರವಾರ ನನಗೆ ಕಷ್ಟ ಆಗಿರಲಿಲ್ಲ. ಶಿಲುಬೆಯ ಬುಡದಲ್ಲಿ ಅಳುವವರ ಜೊತೆ ಅಳಬಹುದಿತ್ತು. ಸಹಿಸಲು ಆಗದೇ ಇದ್ದದ್ದು ಈಸ್ಟರಿನ ಆ ಸಂತೋಷ. ಯೇಸುವಿನ ಸಮಾಧಿ ತೆರೆದಿತ್ತು, ನನ್ನ ತಮ್ಮನದು ಮುಚ್ಚಿತ್ತು.

ಮರುದಿನ ಬೈಬಲ್ ತೆಗೆದು ಯೇಸುವಿನ ಬದುಕು ಹೇಳುವ ನಾಲ್ಕೂ ಶುಭಸಂದೇಶಗಳಲ್ಲಿ, ಅವರು ಎದ್ದ ಬೆಳಗಿನ ಕಥೆಯನ್ನು ಒಂದಾದ ಮೇಲೊಂದು ಓದಿದೆ. ನಂಬಿಕೆ ಇತ್ತು ಅಂತಲ್ಲ, ಕೋಪ ಇತ್ತು. ಎಲ್ಲಿದೆ ಆ ಸಂತೋಷ, ನೋಡೋಣ ಅನ್ನಿಸಿತ್ತು.

ಅಲ್ಲಿ ಸಿಕ್ಕಿದವರೆಲ್ಲ ನನ್ನಂಥವರೇ. ಮಾರ್ಕನ ಶುಭಸಂದೇಶದಲ್ಲಿ ಹೆಂಗಸರು ಸುಗಂಧದ್ರವ್ಯ ತೆಗೆದುಕೊಂಡು ನಸುಕಿನಲ್ಲೇ ಹೊರಡುತ್ತಾರೆ. ಅವರು ಹೊರಟದ್ದು ಪುನರುತ್ಥಾನ ನೋಡಲು ಅಲ್ಲ, ಒಂದು ಶವಕ್ಕೆ ಲೇಪ ಹಚ್ಚಲು. ಸಮಾಧಿಯ ಬಾಯಿಗಿಟ್ಟ ಕಲ್ಲನ್ನು ಯಾರು ಉರುಳಿಸಿಕೊಟ್ಟಾರು ಎಂದು ದಾರಿಯಲ್ಲಿ ಕೇಳಿಕೊಳ್ಳುತ್ತಾರೆ. ಉತ್ತರ ಇಲ್ಲ. ಆದರೂ ನಡೆಯುತ್ತಾರೆ. ಕಲ್ಲು ಉರುಳಿದ್ದನ್ನು ಕಂಡ ಮೇಲೂ ಕುಣಿದಾಡಲಿಲ್ಲ, ನಡುಗುತ್ತಾ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ನಾಲ್ಕನೇ ಶತಮಾನದ ಎರಡು ಹಳೆಯ ಹಸ್ತಪ್ರತಿಗಳಲ್ಲಿ ಮಾರ್ಕನ ಪುಸ್ತಕ ಆ ಭಯದಲ್ಲೇ ಮುಗಿಯುತ್ತದೆ.

ಯೇಸುವಿನ ಶಿಷ್ಯೆ ಮಗ್ದಲದ ಮರಿಯ ಅವರನ್ನು ಎದುರಿಗೇ ಕಂಡರೂ ತೋಟಗಾರ ಅಂದುಕೊಳ್ಳುತ್ತಾಳೆ. ಕಣ್ಣು ತುಂಬಾ ನೀರಿದ್ದಾಗ ಯಾರು ಕಾಣುತ್ತಾರೆ ಹೇಳಿ. ಎಮ್ಮಾವು ಊರಿಗೆ ಹೊರಟ ಇಬ್ಬರು ಶಿಷ್ಯರು ಸುಮಾರು 11 ಕಿಲೋಮೀಟರ್ ದಾರಿಯಲ್ಲಿ ಯೇಸುವಿನ ಜೊತೆಗೇ ನಡೆದರೂ ಗುರುತು ಹಿಡಿಯಲಿಲ್ಲ. ಇಸ್ರಯೇಲನ್ನು ಬಿಡುಗಡೆ ಮಾಡುವವರು ಇವರೇ ಎಂದು ನಂಬಿಕೊಂಡಿದ್ದೆವು, ಅಂತ ಅವರಿಗೇ ಹೇಳುತ್ತಾರೆ. ನಂಬಿಕೊಂಡಿದ್ದೆವು. ತಮ್ಮನ ಆಸ್ಪತ್ರೆ ದಿನಗಳ ಬಗ್ಗೆ ಅಮ್ಮ ಮಾತಾಡುವುದೂ ಹೀಗೇ. ವಾಸಿಯಾಗುತ್ತಾನೆ ಅಂತ ನಂಬಿಕೊಂಡಿದ್ದೆವು ಅನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಆ ಶಿಷ್ಯರಿಬ್ಬರನ್ನು ಯೇಸು ಮೊದಲು ಮಾತಾಡಲು ಬಿಡುತ್ತಾರೆ. ಏನಾಯಿತು ಎಂದು ಕೇಳಿ, ಇಡೀ ದುಃಖ ಹೊರಬರುವ ತನಕ ಜೊತೆಗೆ ಹೆಜ್ಜೆ ಹಾಕುತ್ತಾರೆ. ಅವರು ಯಾರೆಂದು ಗೊತ್ತಾಗುವುದು ಊಟಕ್ಕೆ ಕೂತು ರೊಟ್ಟಿ ಮುರಿದಾಗ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಇನ್ನೊಬ್ಬ ಶಿಷ್ಯ, ತೋಮ. ಅವನನ್ನು ಸಂದೇಹದ ತೋಮ ಎಂದು ಕರೆದು ಬಿಟ್ಟುಬಿಡುತ್ತೇವೆ, ಅದು ನನಗೆ ಸರಿ ಕಾಣುವುದಿಲ್ಲ. ಉಳಿದವರೆಲ್ಲ ಪ್ರಭುವನ್ನು ಕಂಡೆವು ಎಂದು ಸಂಭ್ರಮಿಸುವಾಗ ಇವನು ಗಾಯ ಮುಟ್ಟದೆ ನಂಬಲಾರೆ ಅಂದ. ಒಂದು ವಾರದ ನಂತರವೂ ಅದೇ ಮನೆಯಲ್ಲಿ, ಅವರ ಜೊತೆಯಲ್ಲೇ ಇದ್ದ. ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಅವನೂ ಬಾಗಿಲು ತೆಗೆದು ಹೋಗಲಿಲ್ಲ. ಆ ಒಂದು ವಾರ ಹೇಗಿತ್ತು ಎಂದು ಈ ಕಥೆ ಹೇಳುವ ಶುಭಸಂದೇಶದ ಯೋಹಾನ ಬರೆದಿಲ್ಲ, ಆದರೆ ನನಗೆ ಅದು ಗೊತ್ತು. ಆಮೇಲೆ ಯೇಸು ಬಂದರು, ಅವನಿಗೆ ಕೈ ತೋರಿಸಿದರು, ಪಕ್ಕೆ ತೋರಿಸಿದರು. ಮೊಳೆಯ ಗುರುತು ಅಳಿಸಿರಲಿಲ್ಲ. ಸಾವನ್ನು ಗೆದ್ದ ದೇಹದಲ್ಲೂ ಶುಕ್ರವಾರದ ಗಾಯ ಹಾಗೇ ಉಳಿದಿದೆ. ಜಾಗರಣೆಯ ರಾತ್ರಿ ಹಚ್ಚುವ ಪಾಸ್ಖ, ಅಂದರೆ ಈಸ್ಟರ್, ಮೇಣದಬತ್ತಿಗೆ ಐದು ಧೂಪದ ಹರಳು ಚುಚ್ಚುವುದು ಕೈ, ಕಾಲು, ಪಕ್ಕೆಯ ಆ ಐದು ಗಾಯಗಳ ನೆನಪಿಗೆ. ಕತ್ತಲಲ್ಲಿ ಎಲ್ಲರಿಗೂ ಬೆಳಕು ಹಂಚುವುದು ಆ ಬತ್ತಿಯೇ.

ನನ್ನ ನಂಬಿಕೆ ಮರಳಿ ಬಂದ ದಾರಿ ಇದು. ತಮ್ಮನ ಸಾವು ಆಗಿಯೇ ಇಲ್ಲ ಎಂಬಂತೆ ನಗು ಎಂದು ಈಸ್ಟರ್ ನನ್ನನ್ನು ಕೇಳುವುದಿಲ್ಲ. ಅವನ ಹೆಸರು ಹೇಳಿ ಅಳಬಹುದು, ಅವನನ್ನು ಮತ್ತೆ ಕಾಣುತ್ತೇನೆ ಎಂದು ಅದೇ ಉಸಿರಿನಲ್ಲಿ ಹೇಳಬಹುದು. ಎರಡನ್ನೂ ಮನಸಾರೆ ಹೇಳುತ್ತೇನೆ.

ಈ ವರ್ಷ ಗಂಡನನ್ನು ಕಳೆದುಕೊಂಡ ಗೆಳತಿಯೊಬ್ಬಳು ಹಬ್ಬಕ್ಕೆ ಬರುವುದಿಲ್ಲ ಅಂದಳು. ಎಲ್ಲರ ಸಂತೋಷ ಯಾಕೆ ಹಾಳು ಮಾಡಲಿ ಅನ್ನುವುದು ಅವಳ ಮಾತು. ಈಸ್ಟರ್ ಒಂದೇ ದಿನದ ಹಬ್ಬ ಅಲ್ಲ ಕಣೇ, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದ ಪೆಂತೆಕೋಸ್ತಿನವರೆಗೆ 50 ದಿನ ಇರುತ್ತದೆ ಎಂದೆ. ತಪಸ್ಸು ಕಾಲಕ್ಕಿಂತ ಅದು ದೊಡ್ಡದು. ಭಾನುವಾರ ಹಾಡಲು ಆಗದಿದ್ದರೆ ಬೇಡ, ನನ್ನ ಪಕ್ಕದಲ್ಲಿ ಬಂದು ನಿಲ್ಲು, ನಿನ್ನ ಪಾಲಿಗೂ ನಾನೇ ಹಾಡುತ್ತೇನೆ ಎಂದೆ. ನೋಡೋಣ ಅಂದಿದ್ದಾಳೆ.