ಅಪ್ಪಂಗೆ ಇಡೀದು, ಗುಂಡಂಗೆ ಕಾಲು

ನಮ್ಮನೆ ಫ್ರಿಜ್ ಮೇಲೆ ಒಂದು ಹಳೇ ಸ್ಟೀಲ್ ಡಬ್ಬಿ ಇದೆ, ಮೊದಲು ಅದ್ರಲ್ಲಿ ಕೋಡುಬಳೆ ಇರ್ತಿತ್ತು, ಈಗ ಬರೀ ಮಾತ್ರೆ. ಅದ್ರೊಳಗೆ ಒಂದೇ ಮಾತ್ರೆಯ ಎರಡು ಸ್ಟ್ರಿಪ್ ಇವೆ, ಎರಡಕ್ಕೂ ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಸಿಕ್ಸಿದೀನಿ. ಒಂದ್ರ ಮೇಲೆ "ಅಪ್ಪ", ಇನ್ನೊಂದ್ರ ಮೇಲೆ "ಗುಂಡ". ಅಪ್ಪಂಗೆ 76 ವರ್ಷ. ಗುಂಡಂಗೆ 12, ನಮ್ಮ ಪಾಮೇರಿಯನ್ ನಾಯಿ. ಇಬ್ಬರಿಗೂ ಹಾರ್ಟ್ ವೀಕು, ಇಬ್ಬರಿಗೂ ಫ್ಯೂರೋಸೆಮೈಡ್, ಅಂದ್ರೆ ಎಲ್ರೂ ಲ್ಯಾಸಿಕ್ಸ್ ಅಂತಾರಲ್ಲ ಅದು, ನಮ್ಮಮ್ಮನ ಬಾಯಲ್ಲಿ "ನೀರಿನ ಮಾತ್ರೆ". ಅಪ್ಪಂಗೆ 40 ಎಂಜಿದು ಇಡೀದು ದಿನಕ್ಕೆರಡು ಸಲ, ಗುಂಡಂಗೆ ಅದೇ ಮಾತ್ರೆ ಕಾಲು ಭಾಗ ದಿನಕ್ಕೆರಡು ಸಲ.

ಒಂದೇ ಮಾತ್ರೆಗೆ ಎರಡು ಸ್ಟ್ರಿಪ್ ಯಾಕಪ್ಪಾ ಅಂದ್ರೆ, ಸ್ಟ್ರಿಪ್ ಖಾಲಿಯಾಗೋ ಲೆಕ್ಕದಲ್ಲೇ ಯಾರು ತಪ್ಪಿಸಿದ್ರು ಅಂತ ಗೊತ್ತಾಗೋದು. ಗುಂಡ ತಪ್ಪಿಸಲ್ಲ. ಅಪ್ಪ ತಪ್ಪಿಸ್ತಾರೆ.

ತಪ್ಪಿಸೋದಕ್ಕೆ ಕಾರಣ ಕೇಳಿದ್ರೆ ಬೈಯೋಕೂ ಮನಸ್ಸು ಬರಲ್ಲ. ಈ ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆಗೆ ಉಚ್ಚೆ ಶುರುವಾಗುತ್ತೆ, ಮೊದಲ ಎರಡು ಗಂಟೆ ಅಂತೂ ಬಾತ್ರೂಮೇ ಮನೆ, ಆಮೇಲೆ ನಿಧಾನಕ್ಕೆ ಇಳಿದು ಸುಮಾರು ಆರು ಗಂಟೆಗೆ ಮುಗಿಯುತ್ತೆ. "ಲಾಸ್ಟ್ಸ್ ಸಿಕ್ಸ್ ಅವರ್ಸ್" ಅನ್ನೋದ್ರಿಂದಲೇ ಲ್ಯಾಸಿಕ್ಸ್ ಅಂತ ಹೆಸರು ಬಂತು ಅಂತಾರೆ. ಈಗ ನೀವೇ ಹೇಳಿ, ಆ ಮಾತ್ರೆ ನುಂಗಿ ಹನುಮಂತನಗರದಿಂದ ಸಿಲ್ಕ್ ಬೋರ್ಡ್ ಕಡೆ ಬಸ್ಸಲ್ಲಿ ಹೋಗೋಕಾಗುತ್ತಾ? ಗಾಂಧಿಬಜಾರಲ್ಲಿ ಹೂವು ತಗೊಳ್ತಾ ಇರುವಾಗ ಅರ್ಜೆಂಟ್ ಆದ್ರೆ ಯಾವ ಹೋಟ್ಲಿಗೆ ನುಗ್ಗೋದು, ನುಗ್ಗಿದ್ಮೇಲೆ ಮರ್ಯಾದೆಗೆ ಒಂದು ಕಾಫಿ ಕುಡೀಬೇಕು, ಆ ಕಾಫಿ ಮತ್ತೆ ಅಲ್ಲೇ ಬರುತ್ತೆ. ಹಾಗಾಗಿ ಅಪ್ಪನ ಪಾಲಿಸಿ ಏನಂದ್ರೆ, ಹೊರಗೆ ಹೋಗೋ ದಿನ ಮಾತ್ರೆ ಇಲ್ಲ.

ಹೋದ ವರ್ಷ ರಾಮನವಮಿ ಸೀಸನ್. ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಸಂಜೆ ಸಂಜೆ ಸಂಗೀತ ಕಚೇರಿ, ಅಪ್ಪ ಅದನ್ನ ಬಿಟ್ಟವರಲ್ಲ. ಆಗ ಅವರ ಎರಡನೇ ಮಾತ್ರೆ ಟೈಮ್ ಸಂಜೆ ನಾಲ್ಕು. ನಾಲ್ಕಕ್ಕೆ ನುಂಗಿದ್ರೆ ಆರೂವರೆಗೆ ವರ್ಣ ಮುಗಿಯೋ ಮೊದಲೇ ಎದ್ದು ಸಾಲಲ್ಲಿರೋ ಎಲ್ರ ಮಂಡಿ ತಾಗಿಸ್ಕೊಂಡು ಆಚೆ ಬರಬೇಕು. ಅದು ಬೇಡ ಅಂತ ನಾಲ್ಕು ದಿನ ಸಂಜೆ ಮಾತ್ರೆಗೆ ಚಕ್ಕರ್. ಜೊತೆಗೆ ಕುರ್ಚಿ ಮೇಲೆ ಮೂರು ಗಂಟೆ ಕೂತು ಮಂಡಿನೋವು ಬಂತು ಅಂತ ಮೆಡಿಕಲ್ ಶಾಪಲ್ಲಿ ಕೇಳಿ ನೋವಿನ ಮಾತ್ರೆ ತಂದು, ಡೈಕ್ಲೋಫೆನಾಕು, ದಿನಾ ಎರಡು. ಇದ್ಯಾವುದೂ ನಮಗೆ ಗೊತ್ತಿಲ್ಲ.

ಐದನೇ ದಿನ ಬೆಳಗ್ಗೆ ಅಮ್ಮ ಅಂದ್ರು, "ನೋಡೇ, ಇವರ ಚಪ್ಪಲಿ ಪಟ್ಟಿ ಅಚ್ಚು ಬಿದ್ದಿದೆ." ನಾನು ಮೊಣಕಾಲಿಂದ ಕೆಳಗೆ ಮೂಳೆ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಿಟ್ಟೆ, ದೋಸೆ ಹಿಟ್ಟಲ್ಲಿ ಬೆರಳಿಟ್ಟ ಹಾಗೆ ಗುಳಿ ಬಿತ್ತು, ನಿಧಾನಕ್ಕೆ ತುಂಬ್ಕೊಳ್ತು. ತೂಕದ ಮೆಷಿನ್ ಮೇಲೆ ನಿಲ್ಲಿಸಿದ್ರೆ 70.9. ಅದಕ್ಕೂ ಒಂದು ವಾರ ಮೊದಲು 68.2 ಇತ್ತು. ಒಂದು ವಾರದಲ್ಲಿ ಎರಡೂಮುಕ್ಕಾಲು ಕೆಜಿ ಕೊಬ್ಬು ಯಾರಿಗೂ ಬರಲ್ಲ ಸ್ವಾಮಿ, ಹೋಳಿಗೆ ತಿಂದ್ರೂ ಬರಲ್ಲ. ಅದು ನೀರು. ಒಂದು ಲೀಟರ್ ನೀರು ಒಂದು ಕೆಜಿ, ಅಂದ್ರೆ ಅಪ್ಪ ಮೈಯೊಳಗೆ ಎರಡೂಮುಕ್ಕಾಲು ಲೀಟರ್ ಜಾಸ್ತಿ ಹೊತ್ಕೊಂಡು ಓಡಾಡ್ತಿದ್ರು. ರಾತ್ರಿ ಒಂದು ದಿಂಬು ಎರಡಾಗಿತ್ತು, ಎರಡು ಮೂರಾಗಿತ್ತು, ಮಲಗಿದ್ರೆ ಕೆಮ್ಮು ಬರುತ್ತೆ ಅಂತ, ಅದನ್ನೂ ಹೇಳಿರ್ಲಿಲ್ಲ.

ಡಾಕ್ಟ್ರು ಮಾತ್ರೆ ತಪ್ಪಿಸಿದ್ದಕ್ಕೆ ಅಷ್ಟೊಂದು ಬೈಲಿಲ್ಲ, ನೋವಿನ ಮಾತ್ರೆಗೆ ಸರಿಯಾಗಿ ಬೈದ್ರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಕಿಡ್ನಿ ಉಪ್ಪು ನೀರು ಹಿಡ್ಕೊಳ್ಳೋ ಹಾಗೆ ಮಾಡ್ತವೆ, ಅಂದ್ರೆ ಒಂದು ಕೈಯಲ್ಲಿ ನೀರಿನ ಮಾತ್ರೆ ಹೊರಗೆ ತಳ್ತಿದ್ರೆ ಇನ್ನೊಂದು ಕೈಯಲ್ಲಿ ಇದು ಒಳಗೆ ಎಳ್ಕೊಳುತ್ತೆ, ಜೊತೆಗೆ ಕೆಲವು ಬಿಪಿ ಮಾತ್ರೆನೂ ಸೇರಿದ್ರೆ ಕಿಡ್ನಿಗೇ ಏಟು. ಮಂಡಿಗೆ ಬೇರೆ ಏನೋ ಬರ್ಕೊಟ್ರು. ಆಮೇಲೆ ಕೇಳಿದ್ರು ನೋಡಿ, "ಕಚೇರಿ ಎಷ್ಟೊತ್ತಿಗೆ ಸಾರ್?" ಆರೂವರೆ ಅಂದ್ರು ಅಪ್ಪ. "ಹಂಗಿದ್ರೆ ಎರಡನೇದು ಮಧ್ಯಾಹ್ನ ಒಂದು ಗಂಟೆಗೇ ತಗೊಳ್ಳಿ, ನಾಲ್ಕರೊಳಗೆ ಜೋರು ಇಳಿದಿರುತ್ತೆ, ಆರಾಮಾಗಿ ಕೂತು ಕೇಳಿ. ಟೈಮ್ ಆಚೀಚೆ ಮಾಡೋಣ, ನನ್ನ ಕೇಳಿ ಮಾಡೋಣ, ಬಿಡೋದ್ ಬೇಡ." ಎರಡು ವರ್ಷದಿಂದ ನಾವ್ಯಾರೂ ಈ ಪ್ರಶ್ನೆ ಕೇಳೇ ಇರ್ಲಿಲ್ಲ, ಮಾತ್ರೆ ಚೀಟೀಲಿ ಬೆಳಗ್ಗೆ ಸಂಜೆ ಅಂತಿದೆ, ಬೆಳಗ್ಗೆ ಸಂಜೆ ಕೊಡ್ತಿದ್ವಿ ಅಷ್ಟೆ.

ಅವತ್ತಿಂದ ನಮ್ಮನೆ ಬೆಂಗಳೂರು ಪ್ರೆಸ್ ಕ್ಯಾಲೆಂಡರಲ್ಲಿ ಏಕಾದಶಿ, ಸಂಕಷ್ಟಿ ಪಕ್ಕದಲ್ಲೇ ಅಪ್ಪನ ತೂಕ. ಬೆಳಗ್ಗೆ ಎದ್ದು ಬಾತ್ರೂಮ್ ಮುಗಿಸಿ, ಕಾಫಿಗೆ ಮೊದಲು, ಪಂಚೆ ಬನಿಯನ್ನಲ್ಲಿ. ಒಂದೆರಡು ದಿನದಲ್ಲಿ ಒಂದೂವರೆ ಎರಡು ಕೆಜಿ ಏರಿದ್ರೆ ಕಾಲು ಊದೋವರೆಗೂ ಕಾಯದೆ ಫೋನ್ ಮಾಡಿ ಅಂದಿದ್ದಾರೆ, ಯಾಕಂದ್ರೆ ಕಾಲು ಊದ್ಕೊಳ್ಳೋ ಹೊತ್ತಿಗೆ ಕೆಲವು ಲೀಟರ್ ಒಳಗೆ ಸೇರಿಯೇ ಇರುತ್ತೆ.

ಮಾತ್ರೆ ಕೆಲಸ ಮಾಡೋ ರೀತಿ ತಮಾಷೆಯಾಗಿದೆ. ನಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತಂತೆ, ಅದ್ರಲ್ಲಿ 178ಕ್ಕೂ ಹೆಚ್ಚು ವಾಪಸ್ ಒಳಗೆ ಎಳ್ಕೊಂಡು ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತೆ. ಆ ವಾಪಸ್ ಎಳ್ಕೊಳ್ಳೋ ನಳಿಗೆ ಒಂದು ಕಡೆ ಹೇರ್‌ಪಿನ್ ಥರ ಬಗ್ಗಿರುತ್ತೆ, ಅಲ್ಲಿ ಉಪ್ಪು ಒಳಗೆ ಬರೋ ಬಾಗಿಲಿಗೆ ಫ್ಯೂರೋಸೆಮೈಡ್ ಚಿಲಕ ಹಾಕುತ್ತೆ. ಉಪ್ಪು ಹೋದ ಕಡೆ ನೀರು. ಹಾಗಾಗಿ ಮಾತ್ರೆ ನುಂಗಿ ಮೇಲೆ ಉಪ್ಪಿನಕಾಯಿ ನೆಕ್ಕಿದ್ರೆ ಸೊನ್ನೆಗೆ ಸೊನ್ನೆ. ಅಮ್ಮ ಹಪ್ಪಳ ಸಂಡಿಗೆ ಬಂದ್ ಮಾಡಿದ್ದಕ್ಕೆ ಅಪ್ಪ ಮೂರು ದಿನ ಮಾತು ಬಿಟ್ಟಿದ್ರು, ಅದು ಬೇರೆ ಕಥೆ. ಇನ್ನೊಂದು, ಈ ಮಾತ್ರೆ ಹಾರ್ಟ್ ರಿಪೇರಿ ಮಾಡಲ್ಲ. ನಲ್ಲಿ ಸೋರ್ತಿರೋ ಮನೇಲಿ ನೆಲ ಒರೆಸೋ ಕೆಲಸ ಇದರದ್ದು. ಆದ್ರೆ ಒರೆಸೋರು ಇಲ್ದಿದ್ರೆ ಮನೇಲಿ ಇರೋಕಾಗಲ್ಲ.

ಅಂದಹಾಗೆ ಇದಕ್ಕೂ ಮುಂಚೆ ಪಾದರಸದ ಇಂಜೆಕ್ಷನ್ ಕೊಡ್ತಿದ್ರಂತೆ! 1919ರಲ್ಲಿ ವಿಯೆನ್ನಾದಲ್ಲಿ ಸಿಫಿಲಿಸ್ ರೋಗಿಗೆ ಅಂತ ಪಾದರಸದ ಔಷಧಿ ಕೊಟ್ರೆ ಮೂತ್ರ ಸಿಕ್ಕಾಪಟ್ಟೆ ಹೋಯ್ತು ಅಂತ ಗಮನಿಸಿದ್ದು, ಆಮೇಲೆ 1950ರ ದಶಕದ ಕೊನೇಲಿ ಥಯಾಜೈಡ್ ಅನ್ನೋ ಬೇರೆ ಜಾತಿ ನೀರಿನ ಮಾತ್ರೆ ಬರೋವರೆಗೂ ಅದೇ ಗತಿ. ಫ್ಯೂರೋಸೆಮೈಡ್ ಬಂದಿದ್ದು 60ರ ದಶಕದಲ್ಲಿ. ಅಪ್ಪಂಗೆ ಇದನ್ನ ಹೇಳಿದ್ರೆ "ನೋಡು, ನಾನು ಪುಣ್ಯವಂತ" ಅಂದ್ರು.

ಗುಂಡನ ವಿಷಯ ಇನ್ನೂ ಕಷ್ಟ, ಅವನಿಗೆ ಕಾಲು ಊದಲ್ಲ. ಇದು ನನಗೆ ಗೊತ್ತೇ ಇರ್ಲಿಲ್ಲ, ಅಪ್ಪನ ಥರ ಇವನಿಗೂ ಪಾದ ಬಾವು ಬರುತ್ತೆ ಅಂತ ದಿನಾ ಪಾದ ಮುಟ್ಟಿ ನೋಡ್ತಿದ್ದೆ. ಚಿಕ್ಕ ಜಾತಿ ನಾಯಿಗಳಿಗೆ ವಯಸ್ಸಾದ್ಮೇಲೆ ಹಾರ್ಟಿನ ಎಡಗಡೆ ಕವಾಟ ಸವೆದು ರಕ್ತ ಹಿಂದಕ್ಕೆ ಸೋರುತ್ತೆ, ನೀರು ನೇರ ಶ್ವಾಸಕೋಶಕ್ಕೆ. ಬಲಗಡೆ ಕೆಟ್ಟರೆ ಹೊಟ್ಟೇಲಿ ನೀರು ತುಂಬುತ್ತಂತೆ. ಗುಂಡ ರಾತ್ರಿ ಹೊತ್ತು ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಖೊರ್ ಖೊರ್ ಅಂತಿದ್ದ, ನಾವು ಎಲ್ಲೋ ಕೂದಲು ನುಂಗಿರಬೇಕು ಅಂತ ಒಂದು ವಾರ ಸುಮ್ನಿದ್ವಿ. ಒಂದು ರಾತ್ರಿ ಹನ್ನೊಂದೂವರೆಗೆ ನೋಡ್ತೀನಿ, ಮಲಗ್ತಾನೇ ಇಲ್ಲ, ಮುಂದಿನ ಕಾಲು ಅಗಲಿಸ್ಕೊಂಡು ಕತ್ತು ಮುಂದಕ್ಕೆ ಚಾಚಿ ಕೂತಿದ್ದಾನೆ, ಹೊಟ್ಟೆ ತಿದಿ ಥರ ಹೊಡ್ಕೊಳ್ತಿದೆ, ವಸಡು ನೀಲಿಗೆ ತಿರುಗಿದೆ.

ಆಟೋ ಸಿಕ್ಕಿದ್ದೇ ಪುಣ್ಯ. ನಾಯಿ ಅಂದಿದ್ದಕ್ಕೆ ಮೂರು ಆಟೋದವ್ರು ಒಪ್ಪಲಿಲ್ಲ, ನಾಲ್ಕನೇಯವರು "ಹತ್ತಮ್ಮ, ನಮ್ಮನೇಲೂ ಐತೆ ಒಂದು" ಅಂದ್ರು. ರಾತ್ರಿ ತೆಗೆದಿರೋ ಕ್ಲಿನಿಕ್ಕಲ್ಲಿ ಆಕ್ಸಿಜನ್ ಇಟ್ಟು ಅದೇ ಫ್ಯೂರೋಸೆಮೈಡ್ ನರಕ್ಕೆ ಇಂಜೆಕ್ಷನ್. ಮಾತ್ರೆ ಥರ ಕಾಯಿಸಲ್ಲ ಅದು, ಕೆಲವೇ ನಿಮಿಷಕ್ಕೆ ಶುರು. ಬೆಳಗಿನ ಜಾವ ಮೂರು ಗಂಟೆಗೆ ಉಸಿರು ತಹಬಂದಿಗೆ ಬಂತು, ಅದೇ ಆಟೋದವ್ರು ಕಾದಿದ್ರು, ವಾಪಸ್ ಬರ್ತಾ ಗುಂಡ ನನ್ನ ಮಡಿಲಲ್ಲೇ ಎರಡು ಸಲ, ಸೀಟಿಂದ ಕೆಳಗೆ ಹರಿದು ಅವರ ಮ್ಯಾಟೂ ಒದ್ದೆ. ನಾನು ಸಾರಿ ಸಾರಿ ಅಂತಿದ್ರೆ ಅವರು "ಹೋಗ್ಲಿ ಬಿಡಮ್ಮ, ಅದಕ್ಕೇ ಅಲ್ವಾ ದುಡ್ಡು ಕೊಟ್ ಬಂದಿದ್ದು" ಅಂದ್ರು. ಉಚ್ಚೆ ನೋಡಿ ಖುಷಿಯಾಗಿದ್ದು ಜೀವನದಲ್ಲಿ ಅವತ್ತೇ.

ಎರಡು ದಿನ ಬಿಟ್ಟು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋದ್ವಿ, ಎಕ್ಸ್‌ರೇ ನೋಡಿ ಡಾಕ್ಟ್ರು ಹೇಳಿದ್ದು, ತೂಕ ನೋಡ್ಬೇಡಿ, ಉಸಿರು ಎಣಿಸಿ. ಚೆನ್ನಾಗಿ ನಿದ್ದೆ ಬಂದಿರುವಾಗ ಎದೆ ಒಂದು ಸಲ ಏರಿ ಇಳಿದ್ರೆ ಒಂದು, ನಿಮಿಷಕ್ಕೆ 30ರ ಒಳಗಿರ್ಬೇಕು, ಅದಕ್ಕಿಂತ ಮೇಲೆ ಹೋಗ್ತಾ ಇದ್ರೆ ಫೋನ್ ಮಾಡಿ. ಹಾರ್ಟಿಗೆ ಪಿಮೊಬೆಂಡಾನ್ ಅಂತ ಇನ್ನೊಂದು ಮಾತ್ರೆ, ಅದನ್ನ ಊಟಕ್ಕೆ ಒಂದು ಗಂಟೆ ಮೊದಲು ಕೊಡ್ಬೇಕು. ನೀರಿನ ಮಾತ್ರೇನ ಏಲಕ್ಕಿ ಬಾಳೆಹಣ್ಣಿನ ಚೂರಲ್ಲಿ ಮುಚ್ಚಿ ಕೊಡ್ತೀನಿ, ಚೀಸ್ ಬೇಡ ಉಪ್ಪು ಅಂದಿದ್ದಾರೆ. ಅಮೆರಿಕದಲ್ಲಿ ರೇಸ್ ಕುದುರೆಗಳಿಗೂ ಇದೇ ಔಷಧಿ ಕೊಡ್ತಾರಂತೆ, ಓಡುವಾಗ ಶ್ವಾಸಕೋಶದಲ್ಲಿ ರಕ್ತ ಬರದೇ ಇರಲಿ ಅಂತ.

ಈಗ ನನ್ನ ತಪ್ಪು. ಅಪ್ಪಂಗೆ ಡಾಕ್ಟ್ರು ದಿನಕ್ಕೆ ಒಂದೂವರೆ ಲೀಟರ್ ಅಂತ ಕಟ್ ಮಾಡಿದ್ರು, ಕಾಫಿ ಸಾರು ಮಜ್ಜಿಗೆ ಎಲ್ಲಾ ಸೇರಿ. ಗುಂಡ ಮಾತ್ರೆ ಶುರುವಾದ್ಮೇಲೆ ಬಕೆಟ್ ಬಕೆಟ್ ನೀರು ಕುಡಿಯೋದು, ಹಾಲ್ ಕಾರ್ಪೆಟ್ ಮೇಲೆ ಬಿಡೋದು. ಒಬ್ಬರಿಗೆ ನೀರು ಕಡಿಮೆ ಅಂದ್ಮೇಲೆ ಇನ್ನೊಬ್ಬರಿಗೂ ಕಡಿಮೆನೇ ಅಲ್ವಾ ಅಂತ ರಾತ್ರಿ ಅವನ ನೀರಿನ ಬಟ್ಟಲು ಎತ್ತಿಡ್ತಿದ್ದೆ. ನಾಲ್ಕನೇ ದಿನ ಅವನು ಊಟ ಬಿಟ್ಟ, ಬೆಳಗ್ಗೆ ಎಬ್ಬಿಸಿದ್ರೆ ಹಿಂಗಾಲು ತಡವರಿಸ್ತಿದ್ದ, ವಸಡು ಮುಟ್ಟಿದ್ರೆ ಅಂಟಂಟು. ರಕ್ತ ಪರೀಕ್ಷೆಲಿ ಕ್ರಿಯಾಟಿನಿನ್ ಏರಿತ್ತು, ಅಂದ್ರೆ ಕಿಡ್ನಿ ಸರಿಯಾಗಿ ಸೋಸ್ತಿಲ್ಲ ಅಂತ. "ನೀರು ಯಾಕಮ್ಮಾ ತೆಗೆದ್ರಿ? ಮಾತ್ರೆ ಹೊರಗೆ ಹಾಕ್ತಾನೇ ಇರುತ್ತೆ, ಇವನು ಎಲ್ಲಿಂದ ತರ್ಬೇಕು? ನಾಯಿಗೆ ನೀರು ಯಾವತ್ತೂ ತೆಗೀಬೇಡಿ." ಇಷ್ಟು ಹೇಳಿ ಒಂದೆರಡು ದಿನಕ್ಕೆ ಡೋಸ್ ಇಳಿಸಿದ್ರು. ಈಗ ಮನೇಲಿ ಮೂರು ಬಟ್ಟಲು, ಕಾರ್ಪೆಟ್ ಎತ್ತಿ ಅಟ್ಟಕ್ಕೆ. ಕಾರ್ಪೆಟ್ಗೋಸ್ಕರ ಒಂದು ಜೀವಕ್ಕೆ ನೀರಿಲ್ದೆ ಮಾಡಿದ್ದೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ.

ಡಬ್ಬಿ ವಿಷಯ ಬೀದಿಗೆಲ್ಲಾ ಗೊತ್ತಾಗಿದೆ. ಪಕ್ಕದ್ಮನೆ ಆಂಟಿ ಬಂದು "ನಂಗೂ ಕಾಲು ಊದಿದೆ ಕಣೇ, ನಿಮ್ಮ ತಂದೇದು ಎರಡು ಮಾತ್ರೆ ಕೊಡು" ಅಂದ್ರು. ಕೊಡಲಿಲ್ಲ, ಸ್ವಲ್ಪ ಬೇಜಾರೂ ಮಾಡ್ಕೊಂಡ್ರು. ಆಮೇಲೆ ಅವರ ಡಾಕ್ಟ್ರು ನೋಡಿದ್ರೆ ಅವರ ಬಿಪಿ ಮಾತ್ರೆ ಆಮ್ಲೋಡಿಪಿನ್ನಿಂದ ಬಂದಿರೋ ಊತ, ಅದಕ್ಕೆ ನೀರಿನ ಮಾತ್ರೆ ಅಷ್ಟಾಗಿ ಕೆಲಸಾನೇ ಮಾಡಲ್ಲ, ಬಿಪಿ ಮಾತ್ರೆ ಬದಲಾಯಿಸಿದ್ರು, ಎರಡು ವಾರಕ್ಕೆ ಚಪ್ಪಲಿ ಸರಿಯಾಯ್ತು. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋವಿದ್ರೆ ಅಂತೂ ಮಾತ್ರೆ ಹುಡುಕ್ತಾ ಕೂರಬಾರದು, ನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆ. ಆನೆಕಾಲು ರೋಗದ ಊತಕ್ಕೂ ಈ ಮಾತ್ರೆ ಅಲ್ಲ.

ಪೊಟ್ಯಾಷಿಯಂ ಕಥೆ ಚಿಕ್ಕದಾಗಿ ಹೇಳ್ತೀನಿ. ಹೋಗೋ ನೀರಿನ ಜೊತೆ ಪೊಟ್ಯಾಷಿಯಮ್ಮೂ ಹೋಗುತ್ತೆ, ಅಪ್ಪ ರಾತ್ರಿ ಮೀನಖಂಡ ಹಿಡ್ಕೊಂಡು ಕೂಗ್ತಿದ್ರು, ಟೆಸ್ಟಲ್ಲಿ 3.1, ಮೂರೂವರೆ ಮೇಲಿರ್ಬೇಕು. ಅದಕ್ಕೆ ಸ್ಪೈರೊನೊಲ್ಯಾಕ್ಟೋನ್ ಸೇರಿಸಿದ್ರು, ಅದು ಪೊಟ್ಯಾಷಿಯಂ ಉಳಿಸ್ಕೊಳ್ಳೋ ಜಾತಿ. ಇಲ್ಲಿಗೆ ಕಥೆ ಉಲ್ಟಾ, ಇನ್ಮೇಲೆ ಜಾಸ್ತಿ ಆಗದ ಹಾಗೆ ನೋಡ್ಕೋಬೇಕು. ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ, ಹಾಗಾಗಿ ಅಪ್ಪನ ದಿನಾ ಎಳನೀರು ನಿಂತೋಯ್ತು. ನಮ್ಮತ್ತೆ ಪ್ರೀತಿಯಿಂದ ಸೋಡಿಯಂ ಕಡಿಮೆ ಇರೋ ಉಪ್ಪು ಅಂತ ಒಂದು ಪ್ಯಾಕೆಟ್ ತಂದಿದ್ರು, ಹಿಂದೆ ತಿರುಗಿಸಿ ಓದಿದ್ರೆ ಪೊಟ್ಯಾಷಿಯಂ ಕ್ಲೋರೈಡ್. ಅತ್ತೆ ಎದುರಿಗೆ ಉಪ್ಪಿನ ಡಬ್ಬಿಗೆ ಹಾಕ್ದಂಗೆ ಮಾಡಿ ಆಮೇಲೆ ಬಚ್ಚಿಟ್ಟೆ.

ಈ ವರ್ಷ ರಾಮನವಮಿಗೆ ಅಪ್ಪ ಒಂದು ಗಂಟೆ ಮಾತ್ರೆ ನುಂಗಿ, ನಾಲ್ಕೂವರೆಗೆ "ಎಲ್ಲಾ ಖಾಲಿ" ಅಂತ ಘೋಷಣೆ ಮಾಡಿ, ಐದೂಮುಕ್ಕಾಲಿಗೆ ಆಟೋ ಹತ್ತಿದ್ರು. ಪಲ್ಲವಿವರೆಗೂ ಎದ್ದಿಲ್ಲವಂತೆ. ಬಂದವರೇ ಕಾಲು ತೊಳ್ಕೊಂಡು ಗುಂಡನ ಹಾಸಿಗೆ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ರು, ರಾತ್ರಿ ಉಸಿರು ಎಣಿಸೋ ಡ್ಯೂಟಿ ಅವರದ್ದೇ. ಒಂದು ಕಣ್ಣು ವಾಚ್ ಮೇಲೆ, ಒಂದು ಕಣ್ಣು ಗುಂಡನ ಎದೆ ಮೇಲೆ, ಬಲಗೈ ತೊಡೆ ಮೇಲೆ ಆದಿತಾಳ ಹಾಕ್ತಾ ಎಣಿಸ್ತಾರೆ, ಎಂಟಕ್ಕೊಂದು ಆವರ್ತ. ನಿಮಿಷ ಆದ್ಮೇಲೆ ಅಲ್ಲಿಂದಲೇ ಕೂಗಿದ್ರು, "ಮೂರು ಆವರ್ತ, ಮೇಲೆರಡು. ಇಪ್ಪತ್ತಾರು, ಬರ್ಕೊಳ್ಳೇ."