ಶಾಖದ ಬೆನ್ನು ಹಿಡಿದು ಮೂರು ಊರು

ಸ್ಮಾರ್ಟ್ ಕಟ್ಟಡ ನೋಡಲು ಹೋದವರಿಗೆ ಮೊದಲು ತೋರಿಸುವುದು ಸ್ವಾಗತ ಕೋಣೆಯ ಗೋಡೆಗೆ ಹಾಕಿದ ದೊಡ್ಡ ಪರದೆಯನ್ನು. ಇವತ್ತು ಎಷ್ಟು ಯೂನಿಟ್ ಉಳಿಯಿತು, ಅದು ಎಷ್ಟು ಮರ ನೆಟ್ಟಿದ್ದಕ್ಕೆ ಸಮ ಎಂದು ಬಣ್ಣಬಣ್ಣದ ಅಂಕಿಗಳು ಓಡುತ್ತಿರುತ್ತವೆ. ಅದಕ್ಕೊಂದು ನಮಸ್ಕಾರ ಹಾಕಿ, ಪಂಪ್ ಕೋಣೆ ಎಲ್ಲಿದೆ ಎಂದು ಕೇಳುವುದೇ ಮೇಲು. ಕಚೇರಿ ಕಟ್ಟಡದಲ್ಲಿ ಕರೆಂಟಿನ ದೊಡ್ಡ ಪಾಲು ತಿನ್ನುವುದು ಒಳಗೆ ಹುಟ್ಟಿದ ಶಾಖವನ್ನು ಹೊರಹಾಕುವ ಕೆಲಸ. ಹಾಗಾಗಿ ಈ ಪ್ರವಾಸಕ್ಕೆ ಶಾಖವೇ ದಾರಿ ತೋರಿಸುವುದು. ಹೈದರಾಬಾದಿನಲ್ಲಿ ಅದು ಚಾವಣಿಯೊಳಕ್ಕೆ ಹೋಗುತ್ತದೆ, ಸಿಂಗಪುರದಲ್ಲಿ ರಸ್ತೆಯ ಕೆಳಗೆ ಇಳಿಯುತ್ತದೆ, ಆಮ್ಸ್ಟರ್‌ಡ್ಯಾಮ್‌ನಲ್ಲಿ ನೆಲದಾಳದಲ್ಲಿ ಚಳಿಗಾಲಕ್ಕೆಂದು ಕಾದು ಕೂರುತ್ತದೆ.

ಹೈದರಾಬಾದಿನಿಂದ ವಾರಂಗಲ್ ಹೆದ್ದಾರಿ ಹಿಡಿದು ಉಪ್ಪಲ್ ದಾಟಿ ಪೂರ್ವಕ್ಕೆ ಹೋದರೆ ಪೋಚಾರಂ ಸಿಗುತ್ತದೆ. ಅಲ್ಲಿನ ಇನ್ಫೋಸಿಸ್ ಆವರಣದಲ್ಲಿ 2011ರಲ್ಲಿ ಬಳಕೆಗೆ ಬಂದ ಎಸ್‌ಡಿಬಿ-1 ಎಂಬ ಕಟ್ಟಡವಿದೆ. ಕಂಪನಿಯ ಜಾಗವಾದ್ದರಿಂದ ಮೊದಲೇ ಅನುಮತಿ ಬೇಕು. ಹೊರಗಿನಿಂದ ನೋಡಿದರೆ ಎರಡು ರೆಕ್ಕೆಗಳ ಸಾಮಾನ್ಯ ಕಚೇರಿ. ಆದರೆ ಒಂದು ರೆಕ್ಕೆಯಲ್ಲಿ ಮಾಮೂಲಿ ಕೇಂದ್ರೀಯ ಎಸಿ ಇದೆ, ಇನ್ನೊಂದರಲ್ಲಿ ಚಾವಣಿಯ ಕಾಂಕ್ರೀಟ್ ಸ್ಲ್ಯಾಬಿನೊಳಗೆ ಹೂತ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತದೆ. ಎರಡಕ್ಕೂ ಅದೇ ಬಿಸಿಲು, ಅದೇ ಗಾಜು, ಅದೇ ಬಗೆಯ ಕೆಲಸ. ಅಳೆದಾಗ ತಣ್ಣೀರಿನ ರೆಕ್ಕೆ ಹವಾನಿಯಂತ್ರಣಕ್ಕೆ ಸುಮಾರು 34 ಶೇಕಡ ಕಡಿಮೆ ವಿದ್ಯುತ್ ಬಳಸಿತ್ತು. ಒಂದೇ ಸೂರಿನಡಿ ಎರಡು ಪದ್ಧತಿಗಳನ್ನು ಹೀಗೆ ಸ್ಪರ್ಧೆಗೆ ಬಿಟ್ಟವರು ಕಡಿಮೆ. ಕಟ್ಟಡಗಳ ಉಳಿತಾಯದ ಲೆಕ್ಕಗಳಲ್ಲಿ ಬಹುಪಾಲು ಕಾಗದದ ಮೇಲಿನ ಕಲ್ಪಿತ ಕಟ್ಟಡದೊಂದಿಗೆ ಮಾಡಿದ ಹೋಲಿಕೆಗಳೇ, ಆದ್ದರಿಂದ ಈ ಅಂಕಿಗೆ ಬೆಲೆ ಹೆಚ್ಚು.

ಉಳಿತಾಯದ ಗುಟ್ಟು ದೊಡ್ಡದೇನಲ್ಲ. ಒಂದು ಲೀಟರ್ ನೀರು ಅಷ್ಟೇ ಪ್ರಮಾಣದ ಗಾಳಿಗಿಂತ ಸುಮಾರು 3,500 ಪಟ್ಟು ಶಾಖ ಹೊರುತ್ತದೆ. ಗಾಳಿಯನ್ನು ತಳ್ಳಲು ಆಳೆತ್ತರದ ತಗಡಿನ ನಾಳ ಮತ್ತು ದೊಡ್ಡ ಫ್ಯಾನು ಬೇಕಾದಲ್ಲಿ, ನೀರಿಗೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆ, ಸಣ್ಣ ಪಂಪು ಸಾಕು. ಎರಡನೆಯದಾಗಿ, ಮಾಮೂಲಿ ಎಸಿಗೆ ಚಿಲ್ಲರ್, ಅಂದರೆ ನೀರು ತಣ್ಣಗೆ ಮಾಡುವ ಯಂತ್ರ, 7 ಡಿಗ್ರಿಯ ನೀರು ಕೊಡಬೇಕು, ಇಡೀ ಚಾವಣಿಯೇ ತಣ್ಣಗಿರುವಾಗ 14ರಿಂದ 18 ಡಿಗ್ರಿ ನೀರು ಸಾಕು. ಚಿಲ್ಲರ್ ಕೊಡುವ ನೀರು ಒಂದು ಡಿಗ್ರಿ ಬೆಚ್ಚಗಾದರೆ ಅದರ ವಿದ್ಯುತ್ ಸರಿಸುಮಾರು 2-3 ಶೇಕಡ ಇಳಿಯುತ್ತದೆ.

ಸ್ಲ್ಯಾಬಿನ ಶಕ್ತಿಗೂ ಮಿತಿಯಿದೆ. ಚದರ ಮೀಟರಿಗೆ 40 ವ್ಯಾಟ್ ಆಸುಪಾಸು ಶಾಖ ಹೀರಿದರೆ ದೊಡ್ಡದು. ಒಬ್ಬರಿಗೆ 10 ಚದರ ಮೀಟರ್ ಜಾಗವೆಂದರೆ 400 ವ್ಯಾಟ್. ಕೂತು ಕೆಲಸ ಮಾಡುವ ಮೈಯಿಂದ 75, ಕಂಪ್ಯೂಟರಿನಿಂದ 100, ದೀಪಗಳಿಂದ 50 ಎಂದಿಟ್ಟುಕೊಂಡರೆ ಬಿಸಿಲಿಗೆ ಉಳಿಯುವುದು 175. ನೆರಳಿಲ್ಲದ ಸಾದಾ ಗಾಜಿನಲ್ಲಿ ಒಂದೇ ಚದರ ಮೀಟರ್ ಜಾಗದಿಂದ ಅದರ ಎರಡು ಮೂರು ಪಟ್ಟು ಬಿಸಿಲು ಒಳಗೆ ಬರಬಲ್ಲದು. ಅದಕ್ಕೇ ಈ ಪದ್ಧತಿ ಕೆಲಸ ಮಾಡಬೇಕಿದ್ದರೆ ಕಿಟಕಿ ಚಿಕ್ಕದಿರಬೇಕು, ಗಾಜು ಒಳ್ಳೆಯದಿರಬೇಕು, ಹೊರಗೆ ನೆರಳು ಹಲಗೆ ಇರಬೇಕು. ಪೂರ್ತಿ ಗಾಜು ಹೊದ್ದ ಗೋಪುರಕ್ಕೆ ಸಾವಿರ ಸೆನ್ಸರ್ ಅಂಟಿಸಿದರೂ ಈ ಲೆಕ್ಕ ಬದಲಾಗದು.

ಕೊಳವೆ ಕೂರಿಸುವ ಕೆಲಸ ನೋಡುವ ಅವಕಾಶ ಇಂಥ ಯಾವ ಕಟ್ಟಡದಲ್ಲಿ ಸಿಕ್ಕರೂ ಬಿಡಬಾರದು. ಕಂಬಿ ಹೆಣೆದ ಮೇಲೆ 150ರಿಂದ 200 ಮಿಲಿಮೀಟರ್ ಅಂತರದಲ್ಲಿ ಕೊಳವೆ ಸುತ್ತಿ ಕಟ್ಟುತ್ತಾರೆ. ಕಾಂಕ್ರೀಟ್ ಹಾಕುವ ಮೊದಲೇ ಒಳಗೆ ಗಾಳಿ ತುಂಬಿಸಿ ಒತ್ತಡದ ಮೀಟರ್ ಜೋಡಿಸಿರುತ್ತಾರೆ. ಹಸಿ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ತುದಿ ಕೊಳವೆಗೆ ತಾಗಿ ಸೀಳಿದರೆ ಮುಳ್ಳು ತಟ್ಟನೆ ಬೀಳುತ್ತದೆ. ಕಾಂಕ್ರೀಟ್ ಇನ್ನೂ ಹಸಿಯಿರುವಾಗಲೇ ತೋಡಿ ಜೋಡಿಸಿದರೆ ಆಯಿತು, ಗಟ್ಟಿಯಾದ ಮೇಲೆ ಆ ಸುತ್ತನ್ನೇ ಮುಚ್ಚಿ ಮರೆಯಬೇಕು. ಮುಂದೆ ದೀಪ ನೇತುಹಾಕಲು ಯಾರೋ ಡ್ರಿಲ್ ಹಿಡಿದು ಬರುತ್ತಾರೆ. ಕೊಳವೆಗಳ ನಕ್ಷೆ ಅವರ ಕೈಯಲ್ಲಿರದಿದ್ದರೆ ಚಾವಣಿಯಿಂದ ಮಳೆ.

ಮಳೆಯ ಇನ್ನೊಂದು ಬಗೆ ಹೆಚ್ಚು ಕಪಟದ್ದು. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ತಣ್ಣನೆಯ ಚಾವಣಿಯೂ ಬೆವರಬಹುದು. 25 ಡಿಗ್ರಿಯ ಕೋಣೆಯಲ್ಲಿ ತೇವಾಂಶ 50 ಶೇಕಡ ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ, ಸುಮಾರು 14 ಡಿಗ್ರಿ, 60 ಶೇಕಡ ಆದರೆ ಹತ್ತಿರಹತ್ತಿರ 17. ಹಾಗಾಗಿ ನಿಯಂತ್ರಕ ಕೋಣೆಯ ಇಬ್ಬನಿ ಬಿಂದುವನ್ನು ಸದಾ ಲೆಕ್ಕ ಹಾಕುತ್ತಿದ್ದು, ಒಳಬಿಡುವ ನೀರನ್ನು ಅದಕ್ಕಿಂತ ಒಂದೆರಡು ಡಿಗ್ರಿ ಮೇಲೆಯೇ ಇಡಬೇಕು. ಉಸಿರಾಟಕ್ಕೆ ಬೇಕಾದಷ್ಟೇ ಹೊರಗಾಳಿಯನ್ನು ಒಣಗಿಸಿ ಕೊಡುವ ಬೇರೊಂದು ಯಂತ್ರ ಇರಬೇಕು. ಬೆಳಿಗ್ಗೆ ಮೊದಲು ಅದು ಚಾಲೂ ಆಗಬೇಕು, ಕೋಣೆ ಒಣಗಿದ ಮೇಲೆ ನೀರಿನ ಪಂಪು. ಈ ಸರದಿ ತಪ್ಪಿದರೆ ಮಳೆಗಾಲದ ಸೋಮವಾರ ಮುಂಜಾನೆ ಹನಿ ಬೀಳುತ್ತದೆ. ಮೊದಲು ಬೆವರುವುದು ಸ್ಲ್ಯಾಬಲ್ಲ, ನೀರು ಹಂಚುವ ವಾಲ್ವ್ ಪೆಟ್ಟಿಗೆ, ಏಕೆಂದರೆ ನೀರು ಅಲ್ಲಿಯೇ ಅತಿ ತಣ್ಣಗಿರುತ್ತದೆ. ಭೇಟಿ ಕೊಟ್ಟವರು ಆ ಪೆಟ್ಟಿಗೆಯ ಬಾಗಿಲು ತೆಗೆಸಿ ತುಕ್ಕಿನ ಗೆರೆ ಹುಡುಕಿದರೆ ಕಟ್ಟಡದ ಚರಿತ್ರೆ ಗೊತ್ತಾಗುತ್ತದೆ. ತೇವಾಂಶದ ಸೆನ್ಸರ್ 3 ಶೇಕಡ ತಪ್ಪು ಹೇಳಿದರೆ ಇಬ್ಬನಿ ಬಿಂದು ಸುಮಾರು ಒಂದು ಡಿಗ್ರಿ ಜಾರುತ್ತದೆ, ಅಂದರೆ ಇಟ್ಟುಕೊಂಡ ಸುರಕ್ಷತೆಯ ಅಂತರ ಅರ್ಧಕ್ಕರ್ಧ ಹೋದಂತೆ. ವರ್ಷಕ್ಕೊಮ್ಮೆ ಆ ಸೆನ್ಸರನ್ನು ನಂಬಿಕಸ್ತ ಮೀಟರಿನ ಪಕ್ಕದಲ್ಲಿಟ್ಟು ತಾಳೆ ನೋಡುವುದು ಇಡೀ ವ್ಯವಸ್ಥೆಯಲ್ಲೇ ಅಗ್ಗದ ಕೆಲಸ, ಅತಿ ಹೆಚ್ಚು ಬಿಟ್ಟುಹೋಗುವ ಕೆಲಸವೂ ಅದೇ.

ಸಿಂಗಪುರದಲ್ಲಿ ಎರಡು ತಾಣಗಳು. ಮೊದಲನೆಯದು ರಾಷ್ಟ್ರೀಯ ವಿಶ್ವವಿದ್ಯಾಲಯದ ಕೆಂಟ್ ರಿಡ್ಜ್ ಆವರಣದಲ್ಲಿ, ಕ್ಲೆಮೆಂಟಿ ರಸ್ತೆಯ ಪಕ್ಕದ ಎಸ್‌ಡಿಇ4. ಆರು ಮಹಡಿಯ ಈ ಕಟ್ಟಡ 2019ರ ಜನವರಿಯಲ್ಲಿ ತೆರೆಯಿತು. ತಾನು ಬಳಸುವಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸಬೇಕೆಂಬುದು ಗುರಿ, ಅದಕ್ಕೆಂದು ತಾರಸಿಯ ಮೇಲೆ 1,200ಕ್ಕೂ ಹೆಚ್ಚು ಸೌರ ಫಲಕಗಳಿವೆ. ಹೊರಚಾಚಿದ ದೊಡ್ಡ ಸೂರಿನ ಕೆಳಗೆ ಪಡಸಾಲೆಗಳು ತೆರೆದೇ ಇರುವುದರಿಂದ ಅವುಗಳಿಗೆ ಎಸಿಯ ಹಂಗಿಲ್ಲ. ತರಗತಿಗೆ ಕಾಲಿಟ್ಟರೆ ಆ ಊರಿನ ಮಾಲ್‌ಗಳ ನಡುಕ ಹುಟ್ಟಿಸುವ ತಂಪು ಇಲ್ಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ.

ಇಷ್ಟೇನಾ ಎನ್ನಿಸಬಹುದು. ಆದರೆ ಲೆಕ್ಕ ಗಟ್ಟಿಯಾಗಿದೆ. ಮೈಗೆ ತಾಗುವ ಗಾಳಿಯ ವೇಗ ಸೆಕೆಂಡಿಗೆ 0.8 ಮೀಟರ್ ಇದ್ದರೆ ಕೋಣೆ ಸುಮಾರು 3 ಡಿಗ್ರಿ ಬೆಚ್ಚಗಿದ್ದರೂ ಹಿತವಾಗಿಯೇ ಇರುತ್ತದೆ. ಡಿಸಿ ಮೋಟಾರಿನ ಚಾವಣಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ಈ ಸಂಯೋಜನೆ ಬೇರೆಡೆ ಕೆಡುವುದು ನಿಯಂತ್ರಣದಲ್ಲಿ. ಫ್ಯಾನಿಗೊಂದು ಸ್ವಿಚ್ಚು, ಎಸಿಗೊಂದು ಥರ್ಮೋಸ್ಟಾಟು, ಎರಡಕ್ಕೂ ಮಾತುಕತೆಯಿಲ್ಲ ಎಂದರೆ ಜನ ಥರ್ಮೋಸ್ಟಾಟನ್ನು 23ಕ್ಕೆ ಇಳಿಸಿ, ಚಳಿಯೆಂದು ಫ್ಯಾನು ನಿಲ್ಲಿಸುತ್ತಾರೆ. ಕೋಣೆ ಬಿಸಿಯಾದಂತೆ ಮೊದಲು ಫ್ಯಾನಿನ ವೇಗ ಏರಬೇಕು, ಅದು ಸಾಲದಾದಾಗ ಮಾತ್ರ ತಂಪುಗಾಳಿ ಹೆಚ್ಚಬೇಕು. ಇಳಿಯುವಾಗ ಇದೇ ಕ್ರಮ ತಿರುಗುಮುರುಗು. ಇನ್ನೊಂದು ಸಣ್ಣ ಸಂಗತಿ: ಫ್ಯಾನಿನ ರೆಕ್ಕೆಗಿಂತ ಮೇಲೆ ದೀಪ ಕೂರಿಸಿದರೆ ಮೇಜಿನ ಮೇಲೆ ನೆರಳು ಪಟಪಟ ಬಡಿಯುತ್ತದೆ, ಅರ್ಧ ಗಂಟೆಯಲ್ಲಿ ತಲೆನೋವು. ದೀಪವನ್ನು ರೆಕ್ಕೆಗಳ ಸುತ್ತಳತೆಯ ಹೊರಗೆ, ಇಲ್ಲವೇ ರೆಕ್ಕೆಗಿಂತ ಕೆಳಗೆ ಇಳಿಬಿಡಬೇಕು.

ತರಗತಿಗಳಲ್ಲಿ ಹೊರಗಾಳಿಯ ಪ್ರಮಾಣ ನಿರ್ಧರಿಸಲು ಇಂಗಾಲದ ಡೈಆಕ್ಸೈಡ್ ಸೆನ್ಸರ್ ಎಲ್ಲೆಡೆ ಬಳಕೆಗೆ ಬಂದಿದೆ. ಇವುಗಳಲ್ಲಿ ಹಲವಕ್ಕೆ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುವ ಅಭ್ಯಾಸವಿದೆ. ಒಂದೆರಡು ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ ಹೊರಗಾಳಿ ಎಂದುಕೊಂಡು ಅದನ್ನು 400 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಹೊಂದಿಸುತ್ತವೆ. ರಾತ್ರಿ ಖಾಲಿಯಾಗುವ ತರಗತಿಗೆ ಇದು ಸರಿ. ಹಗಲಿರುಳು ಜನರಿರುವ ಆಸ್ಪತ್ರೆ, ಕಾಲ್ ಸೆಂಟರುಗಳಲ್ಲಿ ಅಂಕಿ ಎಂದೂ 600ರ ಕೆಳಗೆ ಇಳಿಯದಿದ್ದರೆ ಸೆನ್ಸರ್ ಆ 600ನ್ನೇ 400 ಎನ್ನತೊಡಗುತ್ತದೆ. ಪರದೆಯ ಮೇಲೆ ಎಲ್ಲ ಹಸಿರು, ಕೋಣೆಯಲ್ಲಿ ಉಸಿರುಗಟ್ಟು. ಅಂಥ ಕಡೆ ಆ ಸೌಲಭ್ಯವನ್ನು ಆರಿಸಿ ಕೈಯಿಂದಲೇ ಹೊಂದಿಸಬೇಕು.

ಎರಡನೆಯ ತಾಣ ಮರೀನಾ ಬೇ. ನೋಡಬೇಕಾದ್ದು ಇಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹಲವು ಕಟ್ಟಡಗಳಿಗೆ ಒಟ್ಟಿಗೆ ತಣ್ಣೀರು ಹಂಚುವ, 2006ರಿಂದ ನಡೆಯುತ್ತಿರುವ ಡಿಸ್ಟ್ರಿಕ್ಟ್ ಕೂಲಿಂಗ್ ಜಾಲ ನೆಲದಡಿಯಲ್ಲಿದೆ. ವಿದ್ಯುತ್ ಕೇಬಲ್ಲು, ದೂರಸಂಪರ್ಕದ ತಂತಿ, ಕುಡಿಯುವ ನೀರಿನ ಕೊಳವೆಗಳ ಜೊತೆ ತಣ್ಣೀರಿನ ಕೊಳವೆಗಳೂ ಒಂದೇ ಸುರಂಗದಲ್ಲಿ ಸಾಗುತ್ತವೆ. ದಂಡೆಯಲ್ಲಿ ನಿಂತು ತಲೆಯೆತ್ತಿದರೆ ಮರೀನಾ ಬೇ ಸ್ಯಾಂಡ್ಸ್‌ನ ನೆತ್ತಿಯಲ್ಲಿ ಈಜುಕೊಳವಿದೆ. ಅಷ್ಟು ದೊಡ್ಡ ಹೋಟೆಲಿನ ತಾರಸಿಯಲ್ಲಿ ಸಾಮಾನ್ಯವಾಗಿ ಶಾಖವನ್ನು ಹೊರಗಾಳಿಗೆ ಬಿಡುವ, ಗುಡುಗುಡು ಸದ್ದಿನ ಕೂಲಿಂಗ್ ಟವರುಗಳ ಸಾಲೇ ಇರಬೇಕಿತ್ತು. ಆದರೆ ಆ ಹೋಟೆಲೂ ಈ ಜಾಲದ ಗ್ರಾಹಕ.

ಹತ್ತಾರು ಕಟ್ಟಡಗಳಿಗೆ ಒಂದೇ ಸ್ಥಾವರ ಇದ್ದರೆ ಲಾಭವೇನು? ಕಚೇರಿಯ ಬಿಸಿ ಮಧ್ಯಾಹ್ನ ಏರಿದರೆ ಹೋಟೆಲಿನದು ಸಂಜೆ ಏರುತ್ತದೆ, ಆದ್ದರಿಂದ ಒಟ್ಟು ಚಿಲ್ಲರ್ ಸಾಮರ್ಥ್ಯ ಕಡಿಮೆ ಸಾಕು, ಇರುವ ಚಿಲ್ಲರುಗಳೂ ತಮ್ಮ ಒಳ್ಳೆಯ ಹದದಲ್ಲೇ ಓಡುತ್ತವೆ. ಇಂಥ ಜಾಲಗಳ ಹಳೆಯ ಕಾಯಿಲೆ ವಾಪಸು ಬರುವ ನೀರು ಸಾಕಷ್ಟು ಬೆಚ್ಚಗಿರದಿರುವುದು. 1,000 ಕಿಲೋವ್ಯಾಟ್ ಶಾಖ ಹೊರಲು, ಹೋಗಿ ಬರುವ ನೀರಿನ ನಡುವೆ 8 ಡಿಗ್ರಿ ವ್ಯತ್ಯಾಸವಿದ್ದರೆ ಸೆಕೆಂಡಿಗೆ 30 ಲೀಟರ್ ಸಾಕು. ವ್ಯತ್ಯಾಸ 4ಕ್ಕೆ ಕುಸಿದರೆ 60 ಲೀಟರ್ ಬೇಕು. ನೀರು ಇಮ್ಮಡಿಯಾದರೆ ಅದೇ ಕೊಳವೆಯಲ್ಲಿ ಪಂಪಿನ ವಿದ್ಯುತ್ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಕಾರಣಗಳು ಬಡಪಾಯಿ ಕಾರಣಗಳೇ: ಕೊಳೆ ಕಟ್ಟಿದ ಕಾಯಿಲ್ (ತಣ್ಣೀರು ಹರಿದು ಗಾಳಿಯನ್ನು ತಂಪಾಗಿಸುವ ಕೊಳವೆ ಸುರುಳಿ), ಅಗತ್ಯಕ್ಕಿಂತ ದೊಡ್ಡ ವಾಲ್ವ್, ಯಾರೋ ತಲುಪಲಾಗದ 18 ಡಿಗ್ರಿಗೆ ಇಟ್ಟ ಥರ್ಮೋಸ್ಟಾಟ್. ವಾಲ್ವ್ ಪೂರ್ತಿ ತೆರೆದೇ ಇದ್ದು ನೀರು ತಣ್ಣಗೇ ಹಿಂದಿರುಗುತ್ತದೆ. ಯಾವ ಯಂತ್ರದಿಂದ ಎಷ್ಟು ಡಿಗ್ರಿಯ ನೀರು ವಾಪಸು ಬರುತ್ತಿದೆಯೆಂದು ಪ್ರತಿ ಕಾಯಿಲ್‌ನಲ್ಲಿ ಅಳೆದರೆ ಕಳ್ಳ ಅರ್ಧ ದಿನದಲ್ಲಿ ಸಿಗುತ್ತಾನೆ. ಸ್ಮಾರ್ಟ್ ಎನ್ನುವ ಮಾತಿಗೆ ಇಲ್ಲಿ ಅರ್ಥವಿದೆ.

ಆಮ್ಸ್ಟರ್‌ಡ್ಯಾಮ್‌ನ ದಿ ಎಡ್ಜ್ ಎಂಬ ಕಚೇರಿ ಕಟ್ಟಡ ಈ ಪೈಕಿ ಅತಿ ಪ್ರಸಿದ್ಧ. ಜ಼ೌಡ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. 15 ಮಹಡಿ, ಸುಮಾರು 40,000 ಚದರ ಮೀಟರ್, ಮುಖ್ಯ ಬಾಡಿಗೆದಾರ ಡೆಲಾಯ್ಟ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆ. ಬ್ರೀಮ್ ಎಂಬ ಹಸಿರು ಕಟ್ಟಡ ಮಾಪನದಲ್ಲಿ 98.36 ಶೇಕಡ ಅಂಕ ಪಡೆದು ಸುದ್ದಿಯಾಯಿತು. ಸುಮಾರು 28,000 ಸೆನ್ಸರ್, ಆ್ಯಪಿನಲ್ಲಿ ದಿನಕ್ಕೊಂದು ಮೇಜು, 2,500 ಜನಕ್ಕೆ 1,000 ಮೇಜು, ಈ ಕಥೆಗಳನ್ನು ಎಲ್ಲರೂ ಬರೆದಿದ್ದಾರೆ. ಆ್ಯಪಿಗಿಂತ ಕಟ್ಟಡದ ಆಕಾರವೇ ಹೆಚ್ಚು ಬುದ್ಧಿವಂತ ಎನ್ನಬೇಕು. ಉತ್ತರಕ್ಕೆ ಪೂರ್ತಿ ಗಾಜಿನ ಎತ್ತರದ ಅಂಗಳ, ನೇರ ಬಿಸಿಲಿಲ್ಲದ ಬೆಳಕು. ದಕ್ಷಿಣಕ್ಕೆ ಒಳಸರಿದ ಕಿಟಕಿಗಳು, ನಡುವಿನ ಗೋಡೆಗೆ ಸೌರ ಫಲಕ. ಕಚೇರಿಗಳ ಬಳಸಿದ ಗಾಳಿ ಜಾಲರಿಗಳ ಮೂಲಕ ಅಂಗಳಕ್ಕೆ ಸೋರಿ, ಬೆಚ್ಚಗಾಗಿ ಮೇಲೇರಿ ಸೂರಿನಿಂದ ಹೊರಬೀಳುತ್ತದೆ.

ದೀಪಗಳನ್ನು ಹತ್ತಿರದಿಂದ ನೋಡಿದರೆ ಅವುಗಳಿಗೆ ಗೋಡೆಯ ಕರೆಂಟ್ ತಂತಿಯೇ ಇಲ್ಲ. ಕಂಪ್ಯೂಟರ್ ಜಾಲದ ಈಥರ್ನೆಟ್ ಕೇಬಲ್ಲೇ ವಿದ್ಯುತ್ತನ್ನೂ ಸಂದೇಶವನ್ನೂ ಒಯ್ಯುತ್ತದೆ. ಹಲವು ದೀಪಗಳೊಳಗೇ ಚಲನೆ, ಬೆಳಕು, ಉಷ್ಣತೆಯ ಸೆನ್ಸರ್ ಕೂತಿವೆ. ಜನ ಕಡಿಮೆಯಿರುವ ದಿನ ಒಂದಷ್ಟು ಭಾಗವನ್ನೇ ಮುಚ್ಚಿ ದೀಪ, ಗಾಳಿ ನಿಲ್ಲಿಸಲು ಈ ಮಾಹಿತಿ ಸಾಕು. ಈ ಪದ್ಧತಿಯನ್ನು ನಕಲು ಮಾಡುವವರು ಗಮನಿಸಬೇಕಾದ್ದು ನೆಟ್‌ವರ್ಕ್ ಸ್ವಿಚ್ಚುಗಳನ್ನು. ದೀಪ ಆರಿದ್ದರೂ ಅವು ರಾತ್ರಿಯಿಡೀ ವಿದ್ಯುತ್ ಕುಡಿಯುತ್ತಿರುತ್ತವೆ, ಜೊತೆಗೆ ಬಿಸಿಯಾಗುವ ಅವುಗಳ ಕಪಾಟಿಗೆ ಬೇರೆಯೇ ತಂಪು ಬೇಕು.

ಶಾಖ ಕೊನೆಗೆ ಹೋಗುವುದು ಸುಮಾರು 130 ಮೀಟರ್ ಆಳದ ಎರಡು ಬಾವಿಗಳಿಗೆ. ಬೇಸಿಗೆಯಲ್ಲಿ ತಣ್ಣನೆಯ ಬಾವಿಯ ನೀರು ಮೇಲೆ ಬಂದು, ಕಟ್ಟಡದ ಶಾಖ ಹೊತ್ತು ಬೆಚ್ಚನೆಯ ಬಾವಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಹಾದಿ ತಿರುಗುತ್ತದೆ, ಹೀಟ್ ಪಂಪು ಆ ಉಗುರುಬೆಚ್ಚಗಿನ ನೀರಿನಿಂದ ಶಾಖ ಹಿಂಡಿ ಕೋಣೆಗಳಿಗೆ ಕೊಡುತ್ತದೆ. ಮರಳಿನ ಪದರದಲ್ಲಿ ನೀರು ನಿಧಾನವಾಗಿ ಸರಿಯುವ ಡಚ್ ನೆಲಕ್ಕೆ ಇದು ಹೇಳಿ ಮಾಡಿಸಿದ್ದು, ಗಟ್ಟಿ ಬಂಡೆಯ ಊರಿಗೆ ಆಗಿಬರದು. ಬಾವಿಗಳು ತೀರ ಹತ್ತಿರವಿದ್ದರೆ ಬಿಸಿ ತಣ್ಣನೆಯ ಕಡೆಗೆ ನುಸುಳುತ್ತದೆ. ಕೊಳವೆಯಲ್ಲಿ ಒತ್ತಡ ಬಿದ್ದು ಗಾಳಿ ಒಳನುಗ್ಗಿದರೆ ನೀರಿನಲ್ಲಿ ಕರಗಿದ ಕಬ್ಬಿಣ ಕೆಂಪು ಬಗ್ಗಡವಾಗಿ ಬಾವಿಯ ಜರಡಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಪಂಪು ನಿಂತಾಗಲೂ ಇಡೀ ಸುತ್ತಿನ ಒತ್ತಡ ಹೊರಗಿನ ವಾಯುವಿಗಿಂತ ಮೇಲಿರುವಂತೆ ವಾಲ್ವ್ ಹಿಡಿದಿಡಬೇಕು. ಕಚೇರಿಗೆ ಬರುವವರು ಕಡಿಮೆಯಾದರೆ ಬೇಸಿಗೆಯಲ್ಲಿ ನೆಲಕ್ಕಿಳಿಯುವ ಶಾಖವೂ ಕಡಿಮೆಯಾಗಿ, ಕೆಲವು ವರ್ಷಗಳಲ್ಲಿ ಬೆಚ್ಚನೆಯ ಬಾವಿ ತಣ್ಣಗಾಗುತ್ತಾ ಬರುತ್ತದೆ. ಇಂಥ ಬಾವಿಗಳಿರುವ ಯಾವ ಕಟ್ಟಡಕ್ಕೆ ಹೋದರೂ ವರ್ಷಾವಾರು ನೆಲಕ್ಕೆ ಇಳಿದ ಮತ್ತು ಮೇಲೆತ್ತಿದ ಶಾಖದ ಪಟ್ಟಿ ಕೇಳಿ ನೋಡಬೇಕು. ಎರಡು ಸಾಲುಗಳು ಒಂದಕ್ಕೊಂದು ದೂರ ಸರಿಯುತ್ತಿದ್ದರೆ, ಬೇಸಿಗೆಯಲ್ಲಿ ಕಾಲುವೆಯ ನೀರಿನಿಂದಲೋ ತಾರಸಿಯ ಗಾಳಿಯಿಂದಲೋ ಶಾಖ ತಂದು ಬಾವಿಗೆ ತುಂಬಲು ಏನು ಏರ್ಪಾಡಿದೆ ಎಂಬುದು ಮುಂದಿನ ಪ್ರಶ್ನೆ.