ಮಾತ್ರೆ ಬಿಟ್ಟು ನೈಸರ್ಗಿಕ ಚಿಕಿತ್ಸೆಗೆ ಹೋದ್ರಲ್ಲ, ನಿಜವಾಗ್ಲೂ ಗುಣ ಆಯ್ತಾ?

ಈ ಪ್ರಶ್ನೆಯನ್ನು ಮೈಗ್ರೇನ್ ಇರುವವರು ಆಸೆಯಿಂದ ಕೇಳುತ್ತಾರೆ. ಡಾಕ್ಟರ್ ಆಗಿರುವ ಸ್ನೇಹಿತರು ಅನುಮಾನದಿಂದ ಕೇಳುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ತಲೆನೋವು ಪೂರ್ತಿ ಹೋಗಿಲ್ಲ, ಆದರೆ ತುಂಬಾ ಕಡಿಮೆಯಾಗಿದೆ. ಮಾತ್ರೆಯನ್ನೂ ಪೂರ್ತಿ ಬಿಟ್ಟಿಲ್ಲ, ಅಪರೂಪಕ್ಕೆ ತೆಗೆದುಕೊಳ್ಳುತ್ತೇನೆ. ಇನ್ನೊಂದು ವಿಷಯ, ನನ್ನನ್ನು ಈ ದಾರಿಗೆ ಕಳಿಸಿದ್ದೇ ಒಬ್ಬರು ನರರೋಗ ತಜ್ಞೆ.

ಇದು ಕೇಳುವವರಿಗೆ ವಿಚಿತ್ರ ಅನ್ನಿಸುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆಗ ನನಗೆ ತಲೆನೋವಿಲ್ಲದ ದಿನಗಳೇ ಕಡಿಮೆ. ನೋವು ಬಂದಾಗ ಮಾತ್ರೆ, ಬರಬಹುದು ಅನ್ನಿಸಿದಾಗಲೂ ಮಾತ್ರೆ. ಆ ತಜ್ಞೆ ಎಲ್ಲವನ್ನೂ ಕೇಳಿಸಿಕೊಂಡು, ಈಗ ಬರುತ್ತಿರುವ ನೋವಿಗೆ ಮಾತ್ರೆಯೂ ಒಂದು ಕಾರಣ ಎಂದರು. ಇದು ಚೆನ್ನಾಗಿ ಗೊತ್ತಿರುವ ಕಾಯಿಲೆ. ಮೊದಲೇ ಮೈಗ್ರೇನ್‌ನಂಥ ತೊಂದರೆ ಇರುವವರು ಪ್ಯಾರಾಸಿಟಮಾಲ್, ಐಬುಪ್ರೊಫೇನ್ ತರಹದ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ ತೆಗೆದುಕೊಳ್ಳುತ್ತಾ 3 ತಿಂಗಳು ದಾಟಿದರೆ, ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಗಳು ಅಥವಾ ಎರಡು ಮೂರು ಔಷಧ ಬೆರೆತ ಮಾತ್ರೆಗಳಾದರೆ ತಿಂಗಳಿಗೆ 10 ದಿನವೇ ಸಾಕು. ನೋವು ತಡೆಯಲು ತೆಗೆದುಕೊಂಡದ್ದು ನೋವನ್ನು ಉಳಿಸುತ್ತಾ ಹೋಗುತ್ತದೆ.

ಹಾಗಾದರೆ ಮಾತ್ರೆ ಇಲ್ಲದೆ ಏನು ಮಾಡುವುದು? ಅವರು ನಿದ್ದೆ, ಸ್ನಾಯು ಸಡಿಲಿಸುವ ಅಭ್ಯಾಸ, ಉಸಿರಾಟ, ನಡಿಗೆ ಎಂದು ಬರೆದುಕೊಟ್ಟರು. ಬೇಕೆನಿಸಿದರೆ ಅಕ್ಯುಪಂಕ್ಚರ್, ಅಂದರೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ ಕೂಡ ನೋಡಬಹುದು ಎಂದರು. ನನ್ನ ಪ್ರಯಾಣ ಶುರುವಾದದ್ದು ಹೀಗೆ, ಔಷಧದ ಚೀಟಿಯಲ್ಲಿ.

ಸ್ನಾಯು ಸಡಿಲಿಸುವ ವಿಧಾನವನ್ನು ರೂಪಿಸಿದವರು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್. ಅದು ತುಂಬಾ ಸರಳ. ಒಂದು ಕಡೆಯ ಸ್ನಾಯುವನ್ನು ಕೆಲವು ಸೆಕೆಂಡ್ ಬಿಗಿ ಹಿಡಿಯಬೇಕು. ಆಮೇಲೆ ಬಿಡಬೇಕು. ಬಿಟ್ಟಾಗ ಏನಾಗುತ್ತದೆ ಎಂದು ಗಮನಿಸಬೇಕು. ಕೈಯಿಂದ ಶುರು ಮಾಡಿ ಭುಜ, ಮುಖ, ಹೊಟ್ಟೆ, ಕಾಲು ಹೀಗೆ ಹೋಗುವುದು. ಇದನ್ನು ಮಾಡುವಾಗಲೇ ನನಗೆ ಗೊತ್ತಾಯಿತು, ನಾನು ಎಚ್ಚರ ಇರುವಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡೇ ಇರುತ್ತೇನೆ ಎಂದು. ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಇಷ್ಟು ವರ್ಷ ಇದು ಹೇಗೆ ಗೊತ್ತಾಗಲಿಲ್ಲ? ಗೊತ್ತಾಗುವುದಿಲ್ಲ, ಅಷ್ಟೇ. ಸದಾ ಬಿಗಿಯಾಗಿರುವ ಸ್ನಾಯು ಬಿಗಿ ಅನ್ನಿಸುವುದೇ ಇಲ್ಲ.

ಉಸಿರಿನ ವಿಷಯ ಇನ್ನೂ ಚೆನ್ನಾಗಿದೆ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಹೆಚ್ಚುತ್ತದೆ, ಹೊರಗೆ ಬಿಟ್ಟಾಗ ಕಡಿಮೆಯಾಗುತ್ತದೆ. ಮಿದುಳಿನಿಂದ ಹೃದಯದವರೆಗೆ ಇಳಿದು ಬರುವ ವೇಗಸ್ ನರದ ಕೆಲಸ ಇದು. ನಿಮಿಷಕ್ಕೆ ಸುಮಾರು 6 ಸಲದಷ್ಟು ನಿಧಾನವಾಗಿ ಉಸಿರಾಡಿದರೆ ಈ ಏರಿಳಿತ ಎದ್ದು ಕಾಣುತ್ತದೆ, ಮೈ ಶಾಂತವಾಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನೀವೇ ಗುರುತಿಸಬಹುದು. ನಮ್ಮ ಹೃದಯಕ್ಕೆ ನೇರವಾಗಿ ನಿಧಾನವಾಗು ಎಂದು ಹೇಳಲು ಆಗುವುದಿಲ್ಲ. ಉಸಿರಿನ ಮೂಲಕ ಹೇಳಬಹುದು. ನನಗೆ ಇದು ಈಗಲೂ ಅಚ್ಚರಿಯೇ.

ಇನ್ನು ಅಕ್ಯುಪಂಕ್ಚರ್. ಎಲ್ಲರಿಗೂ ಕುತೂಹಲ ಇರುವುದು ಇದರ ಬಗ್ಗೆಯೇ. ಮೈಗ್ರೇನ್‌ಗೆ ಇದು ಉಪಯೋಗವಾ ಎಂದು ನೋಡಿದ 22 ಅಧ್ಯಯನಗಳನ್ನು, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರನ್ ಸಂಸ್ಥೆ 2016ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಸುಮಾರು 5,000 ಜನರ ಮಾಹಿತಿ ಅದರಲ್ಲಿತ್ತು. ಫಲಿತಾಂಶವನ್ನು ಅವರು ಸರಳವಾಗಿ ಹೀಗೆ ಹೇಳಿದರು: ತಿಂಗಳಿಗೆ 6 ದಿನ ಮೈಗ್ರೇನ್ ಇರುವವರಿಗೆ, ಮಾಮೂಲಿ ಆರೈಕೆಯಲ್ಲಿ ಅದು 5 ದಿನಕ್ಕೆ ಇಳಿಯುತ್ತದೆ. ಸುಳ್ಳು ಅಕ್ಯುಪಂಕ್ಚರ್‌ನಲ್ಲಿ, ಅಂದರೆ ಬೇರೆ ಜಾಗದಲ್ಲಿ ಚುಚ್ಚಿದರೆ ಅಥವಾ ಚುಚ್ಚಿದಂತೆ ನಟಿಸಿದರೆ, 4 ದಿನಕ್ಕೆ. ನಿಜವಾದ ಅಕ್ಯುಪಂಕ್ಚರ್‌ನಲ್ಲಿ ಮೂರೂವರೆ ದಿನಕ್ಕೆ. ಪ್ರತಿದಿನ ತೆಗೆದುಕೊಳ್ಳುವ, ಮೈಗ್ರೇನ್ ತಡೆಯುವ ಔಷಧದಲ್ಲೂ ಸುಮಾರು 4 ದಿನಕ್ಕೇ.

ಈ ಅಂಕಿಗಳ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಸೂಜಿಯನ್ನು ಸರಿಯಾದ ಜಾಗದಲ್ಲಿ ಚುಚ್ಚಿದ್ದಕ್ಕೆ ಸಿಕ್ಕ ಲಾಭ ಬರೀ ಅರ್ಧ ದಿನ. ಅದಕ್ಕಿಂತ ದೊಡ್ಡ ಲಾಭ ಸುಳ್ಳು ಸೂಜಿಯಿಂದಲೂ ಸಿಕ್ಕಿದೆ. ಹಾಗಾದರೆ ಅದು ಎಲ್ಲಿಂದ ಬಂತು?

ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ಮತ್ತು ಅವರ ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಒಂದು ಉತ್ತರ ಇದೆ. ಅವರು ಕರುಳಿನ ತೊಂದರೆ, ಅಂದರೆ ಐಬಿಎಸ್ ಇರುವ 262 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಸುಮ್ನೆ ಕಾಯಬೇಕು. ಎರಡನೆಯದಕ್ಕೆ ಚರ್ಮದೊಳಗೆ ಇಳಿಯದ ಸುಳ್ಳು ಸೂಜಿ, ಚಿಕಿತ್ಸೆ ಕೊಡುವವರು ಜಾಸ್ತಿ ಮಾತಾಡುವಂತಿಲ್ಲ. ಮೂರನೆಯ ಗುಂಪಿಗೂ ಅದೇ ಸುಳ್ಳು ಸೂಜಿ. ಆದರೆ ಚಿಕಿತ್ಸೆ ಕೊಡುವವರು ಕೂತು ಮಾತಾಡಬೇಕು, ಅವರ ಕಷ್ಟ ಕೇಳಬೇಕು, ಧೈರ್ಯ ಹೇಳಬೇಕು. 3 ವಾರದ ನಂತರ, ತಕ್ಕಮಟ್ಟಿಗೆ ಆರಾಮ ಸಿಕ್ಕಿದೆ ಎಂದವರು ಮೊದಲ ಗುಂಪಿನಲ್ಲಿ 100ಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62.

ಒಂದೇ ಸುಳ್ಳು ಸೂಜಿ. ಮಾತಿನಿಂದ, ಗಮನದಿಂದ ಇಷ್ಟು ವ್ಯತ್ಯಾಸ. ಇದನ್ನು ಓದಿದಾಗ ನನಗೆ ನನ್ನ ಅಕ್ಯುಪಂಕ್ಚರ್ ವೈದ್ಯರ ನೆನಪಾಯಿತು. ಮೊದಲ ಭೇಟಿಯಲ್ಲಿ ಅವರು ಗಡಿಯಾರ ನೋಡಲೇ ಇಲ್ಲ. ನಿದ್ದೆ ಹೇಗೆ, ಕೆಲಸ ಹೇಗೆ, ನೋವು ಬಂದಾಗ ಮನೆಯಲ್ಲಿ ಯಾರಿರುತ್ತಾರೆ, ಯಾವುದಕ್ಕೆ ಹೆದರಿಕೆ, ಎಲ್ಲ ಕೇಳಿದರು. ಅಲ್ಲಿಂದ ಎದ್ದು ಬರುವಾಗಲೇ ಭಾರ ಇಳಿದಿತ್ತು, ಇನ್ನೂ ಒಂದು ಸೂಜಿಯೂ ಚುಚ್ಚಿರಲಿಲ್ಲ.

ಹಾಗಾಗಿ ಗುಣ ಆಯ್ತಾ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ನನಗೆ ಆರಾಮ ಕೊಟ್ಟದ್ದು ಎರಡು ಸಂಗತಿ. ಒಂದು, ನಾನೇ ದಿನಾ ಮಾಡುವ ಅಭ್ಯಾಸ. ಇನ್ನೊಂದು, ಪುರುಸೊತ್ತಾಗಿ ಕೂತು ನನ್ನ ಮಾತು ಕೇಳಿದವರು. ಇದನ್ನು ಬರೀ ಮನಸ್ಸಿನ ಆಟ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆ ಇಲ್ಲ. ನೋವು ಅನ್ನುವುದನ್ನು ಮಿದುಳೇ ಅಲ್ವಾ ಕಟ್ಟುವುದು? ಹೆದರಿಕೆ ಕಡಿಮೆಯಾದರೆ ನೋವು ಕಡಿಮೆಯಾಗುವುದು ನಿಜವಾದ ಬದಲಾವಣೆಯೇ. ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸದ ಒತ್ತಡದಿಂದ ಡಾಕ್ಟರುಗಳಿಗೆ ಇಷ್ಟು ಸಮಯ ಸಿಗುವುದಿಲ್ಲ. ಸಿಗಬೇಕು. ಅದನ್ನು ನಾವೆಲ್ಲ ಕೇಳಿ ಪಡೆಯಬೇಕು.

ಆದರೆ ಬಾಯಿಗೆ ಹಾಕಿಕೊಳ್ಳುವ ವಿಷಯ ಬಂದರೆ ನನ್ನ ಲೆಕ್ಕ ಬೇರೆ. ಬಟರ್‌ಬರ್ ಎಂಬ ಗಿಡದ ಕತೆ ಕೇಳಿ. ಅದರ ಸಾರ ಮೈಗ್ರೇನ್ ತಡೆಯುತ್ತದೆ ಎಂದು 2012ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿಯೇ ತನ್ನ ಮಾರ್ಗಸೂಚಿಯಲ್ಲಿ ಹೇಳಿತ್ತು. ಪುರಾವೆಯೂ ಇತ್ತು. ಆಮೇಲೆ ಲಿವರ್‌ಗೆ ಹಾನಿಯಾಗಬಹುದು ಎಂಬ ಆತಂಕ ಬಲವಾಯಿತು. 2015ರಲ್ಲಿ ಅಕಾಡೆಮಿ ಆ ಮಾರ್ಗಸೂಚಿಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಗಿಡ ಅನ್ನುವ ಕಾರಣಕ್ಕೆ ಅದು ಸೌಮ್ಯ ಆಗಿರಲಿಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಇನ್ನೊಂದು ಮೂಲಿಕೆ ಇದೆ, ಮನಸ್ಸಿನ ಬೇಸರಕ್ಕೆ ಜನ ತೆಗೆದುಕೊಳ್ಳುತ್ತಾರೆ. ಅದು ಲಿವರ್‌ನಲ್ಲಿ ಔಷಧ ಕರಗಿಸುವ ಕಿಣ್ವಗಳನ್ನು ಚುರುಕು ಮಾಡುತ್ತದೆ. ಆಗ ಗರ್ಭನಿರೋಧಕ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಗಳ ಶಕ್ತಿ ಕುಗ್ಗುತ್ತದೆ. ಮೂಲಿಕೆಗೆ ಔಷಧದ ಗುಣ ಇದೆ ಎಂದರೆ ಔಷಧದ ಅಪಾಯವೂ ಇದೆ. ನೀವು ಏನೇ ತೆಗೆದುಕೊಳ್ಳುತ್ತಿದ್ದರೂ ನಿಮ್ಮ ಡಾಕ್ಟರಿಗೆ ಹೇಳಿ. ದಯವಿಟ್ಟು ಮುಚ್ಚಿಡಬೇಡಿ.

ಕ್ಯಾನ್ಸರ್ ಇರುವವರು ಕೇಳಿದಾಗ ನಾನು ಇನ್ನೂ ನೇರವಾಗಿ ಮಾತಾಡುತ್ತೇನೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಸ್ತನ, ಶ್ವಾಸಕೋಶ, ದೊಡ್ಡ ಕರುಳು ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರ ದಾಖಲೆ ನೋಡಿದರು. ಕಾಯಿಲೆ ದೂರದ ಅಂಗಗಳಿಗೆ ಹಬ್ಬದವರು ಇವರು. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆಗೆ ಹೋದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನಲ್ಲಿ ಅದು ಐದು ಪಟ್ಟಿಗಿಂತ ಹೆಚ್ಚು. ಚಿಕಿತ್ಸೆಯ ಜೊತೆಗೆ ಉಸಿರಾಟ, ಧ್ಯಾನ, ಅಕ್ಯುಪಂಕ್ಚರ್ ಮಾಡಿಕೊಳ್ಳಿ, ವಾಕರಿಕೆ ಮತ್ತು ಆತಂಕಕ್ಕೆ ಉಪಯೋಗ ಆಗಬಹುದು. ಚಿಕಿತ್ಸೆಯ ಬದಲಿಗೆ ಬೇಡ.

ಕೊನೆಗೆ ಮೈಗ್ರೇನ್‌ನವರು ಕೇಳುವ ಮರುಪ್ರಶ್ನೆ: ನಾಳೆಯಿಂದಲೇ ನೋವಿನ ಮಾತ್ರೆ ನಿಲ್ಲಿಸಿಬಿಡಲಾ? ಮೊದಲು ತಲೆನೋವಿನ ಡೈರಿ ಬರೆಯಿರಿ. ನೋವು ಬಂದ ದಿನ, ಮಾತ್ರೆ ತೆಗೆದುಕೊಂಡ ದಿನ, ನಿದ್ದೆ, ತಪ್ಪಿದ ಊಟ. ಅದನ್ನು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಒಮ್ಮೆಲೇ ಸಿಡಿಲು ಬಡಿದಂತೆ ಬಂದ ತಲೆನೋವು, ಜ್ವರ ಮತ್ತು ಕತ್ತು ಬಿಗಿತದ ಜೊತೆಗಿನ ನೋವು, ಒಂದು ಕಡೆ ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಇವಕ್ಕೆ ಡೈರಿ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿದ್ದೆ ಮಾತ್ರೆ ಅಥವಾ ಓಪಿಯಾಯ್ಡ್ (ಅಫೀಮಿನ ಜಾತಿಯ ಔಷಧ) ಇರುವ ನೋವಿನ ಮಾತ್ರೆಗಳನ್ನು ತುಂಬಾ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ನಿಧಾನವಾಗಿ ಇಳಿಸಬೇಕಾಗುತ್ತದೆ. ಸಾದಾ ಮಾತ್ರೆಗಳನ್ನು ಡಾಕ್ಟರ್ ಒಮ್ಮೆಲೇ ನಿಲ್ಲಿಸಲು ಹೇಳಬಹುದು. ಆಗ 2ರಿಂದ 10 ದಿನ ನೋವು ಮೊದಲಿಗಿಂತ ಜಾಸ್ತಿಯಾಗುವುದು ಸಾಮಾನ್ಯ. ವಾಕರಿಕೆ ಬರಬಹುದು, ನಿದ್ದೆ ಕೆಡಬಹುದು. ಬಹಳ ಜನ ಇಲ್ಲೇ ಸೋತು ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ದಿನಗಳಿಗೆ ಕೆಲಸದಿಂದ ರಜೆ ಸಿಕ್ಕರೆ ಒಳ್ಳೆಯದು, ಏನಾಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಟ್ಟರೆ ಇನ್ನೂ ಒಳ್ಳೆಯದು.